ಆಷಾಢದಲ್ಲಿ ನೋಡಿದ ಸೈಟು

ಮದುವೆಯಾದಾಗಿನಿಂದ ಚಾಮರಾಜಪುರಂನ ಬಾಡಿಗೆ ಮನೆಗಳಲ್ಲೇ ಬದುಕಿದವರು ನಾವು. ನಿವೃತ್ತಿಯ ದುಡ್ಡು ಕೈಗೆ ಬಂದಾಗ ನಮ್ಮ ಮನೆಯವರು, "ನೋಡೇ, ನಾವು ಕೊಳ್ಳೋದು ಒಂದೇ ಸಲ. ಎಡವಿದ್ರೆ ಮತ್ತೆ ಏಳೋಕಾಗಲ್ಲ" ಅಂದಿದ್ದರು. ಅದಕ್ಕೇ ಊರಾಚೆಯ ಒಂದು ಸೈಟಿನ ಕಾಗದಪತ್ರಗಳನ್ನೆಲ್ಲ ವಕೀಲರಿಂದ ಓದಿಸಿದೆವು. ಖಾತೆ ಸರಿಯಿತ್ತು, ಸಾಲ ಸೋಲ ಇರಲಿಲ್ಲ, ಪೂರ್ವಕ್ಕೆ ಮುಖ. ಆಷಾಢ ಹುಟ್ಟುವುದರೊಳಗೆ ಅಡ್ವಾನ್ಸ್ ಕೊಟ್ಟುಬಿಡಿ ಎಂದು ಬ್ರೋಕರ್ ಅವಸರಪಡಿಸಿದ. ನಮಗೂ ಅದೇ ಸರಿ ಅನ್ನಿಸಿತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆಯ ಮಾತೆತ್ತುವುದಿಲ್ಲ.

ಕೊನೆಯ ಸಲ ನೋಡಲು ಹೋದಾಗ, ಪಕ್ಕದ ಹಳ್ಳಿಯ ಅಜ್ಜಿಯೊಬ್ಬಳು ಆ ಖಾಲಿ ಜಾಗದಲ್ಲಿ ಹಸು ಮೇಯಿಸುತ್ತಿದ್ದಳು. ನಮ್ಮನ್ನು ನೋಡಿ ಹತ್ತಿರ ಬಂದಳು.

"ಈಗ್ಲೇ ಕೊಂಡ್ಕೋಬ್ಯಾಡಿ ಕಣವ್ವ. ಆಸಾಡದಲ್ಲಿ ಒಂದ್ಸಲ ಬಂದು ನೋಡ್ಬುಡಿ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಆಷಾಢದಲ್ಲಿ ಯಾರಾದ್ರೂ ಸೈಟು ನೋಡ್ತಾರಾ? ಒಳ್ಳೇ ಕೆಲಸಕ್ಕೆ ಬಂದೋರಿಗೆ ಅಪಶಕುನ ನುಡೀಬೇಡ, ಹೋಗಜ್ಜಿ!" ಅಂದುಬಿಟ್ಟೆ. ಅವಳು ಹಸು ಹೊಡೆದುಕೊಂಡು ಹೋದಳು.

ಬೈದದ್ದೇನೋ ಬೈದೆ, ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಅವಳಿಗೇನು ಕಮಿಷನ್ ಬರಬೇಕಿತ್ತೇ? "ಒಂದು ತಿಂಗಳು ತಡೆಯೋಣ ಕಣ್ರೀ" ಅಂದೆ. ಬ್ರೋಕರ್ ಮುಖ ಸಿಂಡರಿಸಿದ.

ಆಷಾಢದ ಎರಡನೇ ಶುಕ್ರವಾರ, ನಾಲ್ಕು ದಿನದ ಮಳೆ ಬಿಡುವು ಕೊಟ್ಟಿತ್ತು. ಬೆಟ್ಟದಲ್ಲಿ ತಾಯಿಯ ದರ್ಶನ ಮುಗಿಸಿ ನೇರ ಅಲ್ಲಿಗೆ ಹೋದೆವು. ಅಯ್ಯೋ ದೇವರೇ! ಗಡಿಕಲ್ಲುಗಳ ತಲೆ ಬಿಟ್ಟರೆ ಮಿಕ್ಕದ್ದೆಲ್ಲ ನೀರು. ನಾವು ಅಡುಗೆಮನೆ ಅಂದುಕೊಂಡಿದ್ದ ಮೂಲೆಯಲ್ಲಿ ಕಪ್ಪೆಗಳು ವಟಗುಟ್ಟುತ್ತಿದ್ದವು.

ಗೋಣಿಚೀಲ ತಲೆಗೆ ಹೊದ್ದು ಅಜ್ಜಿ ದಡದಲ್ಲಿ ನಿಂತಿದ್ದಳು. "ನಮ್ಮೂರ ದನ ನೀರು ಕುಡೀತಿದ್ದ ಕಟ್ಟೆ ಕಣವ್ವ ಇದು. ಮಣ್ಣು ತುಂಬಿ ಮುಚ್ಚುದ್ರು. ಮಳೆ ಬಂದ್ರೆ ನೀರು ಇಲ್ಗೇ ಬತ್ತದೆ."

ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ! ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತಜ್ಜಿ" ಅಂದೆ. ನಮ್ಮ ಮನೆಯವರು ಕೈ ಮುಗಿದರು.

ಆಮೇಲೆ ನೋಡಿದ ಸೈಟುಗಳನ್ನೆಲ್ಲ ಮಳೆಯಲ್ಲೇ ನೋಡಿದೆವು. ಎತ್ತರದ ಜಾಗವೊಂದು ಸಿಕ್ಕಿತು, ಮನೆಯೂ ಎದ್ದಿತು. ಗೃಹಪ್ರವೇಶಕ್ಕೆ ಅಜ್ಜಿಯನ್ನು ನಾನೇ ಹೋಗಿ ಕರೆದಿದ್ದೆ. ಬಂದವಳು ಗೇಟಿನ ಹೊರಗೇ ನಿಂತುಬಿಟ್ಟಳು.

"ಗಂಡ ಇಲ್ದೋಳು ಕಣವ್ವ ನಾನು. ಇಂತಾ ದಿನ ಒಳಕ್ಕೆ ಬರಬಾರ್ದು. ನಿಮಗೆ ಅಪಶಕುನ."

ಅಪಶಕುನ. ಅವತ್ತು ಅದೇ ಮಾತನ್ನು ಅವಳ ಮುಖಕ್ಕೆ ಎಸೆದವಳು ನಾನು.

"ನೀವು ಒಳಗೆ ಬರೋತನಕ ನಾನು ಹಾಲು ಉಕ್ಕಿಸಲ್ಲ" ಅಂದೆ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದರು. "ಮೀರಲಿ ಬಿಡಿ" ಎಂದರು ನಮ್ಮ ಮನೆಯವರು. ನಾನು ಹೋಗಿ ಅಜ್ಜಿಯ ಕೈ ಹಿಡಿದು ಹೊಸಿಲು ದಾಟಿಸಿದೆ. ಒಲೆಯ ಮೇಲೆ ಹಾಲು ಉಕ್ಕುವಾಗ ಆ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು.