ಮಲಕವ್ವನ ಗೋಡೆ
ಇಚಲಕರಂಜಿಯ ಆ ಓಣಿಯಲ್ಲಿ ಮಲಕವ್ವನ ಗೋಡೆ ಪೂರ್ತಿಯಾದದ್ದನ್ನು ಕಂಡವರಿಲ್ಲ. ಹಗಲೆಲ್ಲ ಮಗ್ಗದ ಕಾರ್ಖಾನೆಯಲ್ಲಿ ಮಶೀನಿನ ಮುಂದೆ ನಿಂತು ಕಾಂಡಿಯ ಕೊಳವೆಗಳಿಗೆ ನೂಲು ಸುತ್ತಿ ಸಂಜೆ ಮನೆಗೆ ಬಂದಳೆಂದರೆ, ಅಂಗಳದಲ್ಲಿ ಮಣೆ ಹಾಕಿಕೊಂಡು, ಎಡಗೈಯಲ್ಲಿ ಚಹಾದ ಕಪ್ಪು, ಬಲಗೈಯಲ್ಲಿ ಕಾವಿಯಲ್ಲಿ ಅದ್ದಿದ ಕಡ್ಡಿ ಹಿಡಿದು ಗೋಡೆಯ ಮುಂದೆ ಕೂತುಬಿಡುತ್ತಾಳೆ. ಒಂದು ಗುಟುಕಿಗೆ ಒಂದು ಗೆರೆ. ಚಹಾ ಮುಗಿಯಿತೋ, ಅಂದಿನ ಚಿತ್ರವೂ ಮುಗಿಯಿತು. ಮೈ ತೀರಾ ಸೋತ ದಿನ ನವಿಲಿಗೆ ಬರೀ ಒಂದು ಕಣ್ಣು. "ಉಳದದ್ದು ನಾಳಿ ನೋಡೂಣು ಬಿಡ್ರಿ, ನವಿಲೇನ ಓಡಿ ಹೋಗೂದಿಲ್ಲ" ಎನ್ನುತ್ತಾಳೆ. ಗೆರೆ ಸೊಟ್ಟಗಾದರೆ ಅಳಿಸುವವಳಲ್ಲ, ಎಲೆ ಹಚ್ಚಿ ಬಳ್ಳಿ ಮಾಡುತ್ತಾಳೆ. ಹಾಗಾಗಿ ಆನೆಯ ಬೆನ್ನ ಮೇಲೂ ಅವರೆಬಳ್ಳಿ ಹಬ್ಬಿದೆ. ಆನೆ, ಹುಲಿ, ನವಿಲು, ಎಲ್ಲವೂ ಕೂತೇ ಇರುತ್ತವೆ. ನಿಂತದ್ದನ್ನು ಬರೆಯಲು ಇವಳಿಗೆ ಬಾರದೆಂದೇ ಓಣಿಯೆಲ್ಲ ನಂಬಿತ್ತು. ಈಚೆಗೆ ಪಕ್ಕದ ಮನೆಯ ವೃಷಾಲಿ ತನ್ನ ಮದುವೆಗೆಂದು ತಮ್ಮ ಬಾಗಿಲ ಬದಿಗೆ ಕುದುರೆಯೇರಿದ ಮದುಮಗನನ್ನು ಬರೆಯಲು ಹೇಳಿದಳು. ವಾರದ ಮೇಲೆ ನೋಡಿದರೆ ಮದುಮಗ ಗತ್ತಿನಿಂದ ಕುದುರೆಯ ಮೇಲೆ, ಕುದುರೆ ಕಾಲು ಮಡಚಿಕೊಂಡು ನೆಲದ ಮೇಲೆ! "ಅಹೋ ಕಾಕು, ಕುದುರೀನ ನಿಂದ್ರಸಾಕ ಬರೂದಿಲ್ಲೇನ್ರಿ?" ಎಂದು ವೃಷಾಲಿ ಬಿದ್ದು ಬಿದ್ದು ನಕ್ಕಳು. ಮಲಕವ್ವ ಕೊನೆಯ ಗುಟುಕು ಕುಡಿದು, ಬಾತ ಪಾದ ನೀವಿಕೊಳ್ಳುತ್ತ ತಾನೂ ನಕ್ಕಳು: "ಬರತೈತಿ ತಂಗಿ. ಆದರ ದಿನಾ ನಿಂದ್ರೂದಂದ್ರ ಏನಂತ ನನಗ ಗೊತ್ತೈತಿ. ನನ್ನ ಕೈಯಾಗ ಹುಟ್ಟಿದವರಾದ್ರೂ ಕುಂಡರ್ಲಿ, ಪಾಪ."