ಕಂಬಳಿಯೊಳಗೆ ಕರಗಿದ ಡೆವಲಪರ್

ನನ್ನ ಹೆಂಡತಿಯನ್ನು ಬೀದಿಯವರೆಲ್ಲ ಕತ್ತಲಕ್ಕ ಎನ್ನುತ್ತಾರೆ. ನಮ್ಮ ಫೋಟೋ ಸ್ಟುಡಿಯೋದ ಹಿಂದಿನ ಡಾರ್ಕ್‌ರೂಮಿನಲ್ಲೇ ಅವಳ ಅರ್ಧ ಆಯುಷ್ಯ ಕಳೆದಿದೆ. ಚಳಿ ಶುರುವಾದರೆ ಅಲ್ಲಿನ ಔಷಧಿ ಸೀಸೆಗಳಿಗೆ ಉಣ್ಣೆ ಹೊದಿಸುತ್ತಾಳೆ. ಕಟ್ಟಿಕೊಂಡ ಗಂಡ ನಡುಗುತ್ತಿದ್ದರೆ "ಎದ್ದು ಓಡಾಡಿ" ಎನ್ನುತ್ತಾಳೆ. ಇದು ದೂರು ಹೇಳಿದಂತೆ ಕೇಳಿಸಿದರೆ, ಹೌದು, ದೂರೇ.

ಒಂದು ವರ್ಷ ನಮ್ಮ ಬೆಟ್ಟದೂರಲ್ಲಿ ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿದ್ದಾಗ ಪಕ್ಕದ ಮನೆಯ ಬಡಗಿ ಒಂದು ಕ್ಯಾಮರಾ ಹಿಡಿದು ಬಂದ. ದೂರದ ಗಣಿ ಕುಸಿದು ಸತ್ತ ಅವನ ತಮ್ಮನದು. ಹೆಣ ಸಿಕ್ಕಿರಲಿಲ್ಲ. ಬಿಡಾರದಲ್ಲಿ ಉಳಿದ ಕ್ಯಾಮರಾದೊಳಗೆ ಫಿಲ್ಮ್ ಹಾಗೇ ಇತ್ತು.

"ಅಮ್ಮ ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ ಅಕ್ಕ. ಅವನ ಮುಖ ನೋಡಿ ಎಷ್ಟೋ ವರ್ಷ ಆಯ್ತು. ಒಂದ್ಸಲ ತೋರಿಸಿದ್ರೆ ಸಾಕು," ಎಂದ.

ಡಾರ್ಕ್‌ರೂಮಿನ ಬಾಗಿಲು ತೆಗೆದು ನೋಡಿದೆವು. ಒಲೆ ಆರಿಹೋಗಿ, ಫಿಲ್ಮ್ ತೊಳೆಯಲು ಉಳಿದಿದ್ದ ಒಂದೇ ಸೀಸೆ ಡೆವಲಪರ್‌ಗೆ ಚಳಿ ಹೊಡೆದಿತ್ತು. ಮೇಲೆ ತಿಳಿನೀರು, ಕೆಳಗೆ ಒಂದರ ಮೇಲೊಂದು ಬೆಳೆದ ಬಿಳಿ ಸೂಜಿಗಳು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಂಥ ಹೊತ್ತಿನಲ್ಲಿ ಹೇಳಬಾರದು, ಆದರೂ ಅಷ್ಟು ಚಂದದ್ದನ್ನು ನಾನು ಕಂಡಿರಲಿಲ್ಲ.

"ಮೇಲಿನ ತಿಳಿ ಬಸ್ಕೊಂಡ್ರೆ ಆಗಲ್ವಾ?" ಬಡಗಿ ಕೇಳಿದ.

"ಸತ್ವ ಎಲ್ಲ ಕೆಳಗೆ ಕೂತಿದೆ. ಬರೀ ತಿಳಿಯಲ್ಲಿ ತೊಳೆದ್ರೆ ಫಿಲ್ಮ್ ಬೋಳಾಗಿ ಬರುತ್ತೆ. ಇನ್ನೊಂದು ಸಲ ತೊಳೆಯೋಕೆ ಆಗಲ್ಲ," ಎಂದಳು ಹೆಂಡತಿ.

"ಬಿಸಿನೀರಲ್ಲಿ ಇಡು ಮತ್ತೆ," ಎಂದೆ ನಾನು.

"ಬಿರುಕು ಬಿಟ್ಟ ಗಾಜು, ಸಿಡಿದುಹೋಗುತ್ತೆ. ಮೈಬಿಸಿಯೇ ಆಗ್ಬೇಕು. ಬನ್ನಿ, ಮಲಗಿ."

ಹಾಡುಹಗಲೇ ಗಂಡಹೆಂಡಿರು ಸೀಸೆಯನ್ನು ನಡುವೆ ಹಾಕಿಕೊಂಡು ಕಂಬಳಿ ಹೊದ್ದು ಮಲಗಿದೆವು. ಮದುವೆಯಾದ ಹೊಸತರಲ್ಲೂ ಅಷ್ಟು ಹೊತ್ತು ಅಪ್ಪಿಕೊಂಡಿದ್ದ ನೆನಪಿಲ್ಲ. ಬಡಗಿ ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತಿದ್ದ. ನನಗೆ ನಗು ಉಕ್ಕಿ ಬಂತು. ಅವನ ಬಾಗಿದ ಬೆನ್ನು ನೋಡಿ ನುಂಗಿಕೊಂಡೆ. ಅವಳು ಆಗಾಗ ಸೀಸೆಯನ್ನು ಮೆಲ್ಲಗೆ ಹೊರಳಿಸುತ್ತಿದ್ದಳು. ಸೂಜಿಗಳು ಮೊಂಡಾದವು, ಪುಡಿಯಾದವು, ಕೊನೆಗೆ ಇಲ್ಲವೇ ಇಲ್ಲ. ಅಷ್ಟು ಬಿಳುಪು ಎಲ್ಲಿಗೆ ಹೋಯಿತೋ ಎಂದು ಬಾಯಿಬಿಟ್ಟುಕೊಂಡು ನೋಡಿದೆ.

"ಕರಗಿದ್ದು ಸರಿ. ಜೀವ ಇದೆಯಾ ನೋಡ್ಬೇಕು," ಎಂದಳು.

ಫಿಲ್ಮಿನ ತುದಿಯಲ್ಲಿ ಚಿತ್ರವಿಲ್ಲದ, ಕ್ಯಾಮರಾಕ್ಕೆ ಹಾಕುವಾಗಲೇ ಬೆಳಕು ಬಿದ್ದ ಒಂದು ಬಾಲ ಇರುತ್ತದೆ. ಅದನ್ನು ಕತ್ತರಿಸಿ, ಬಟ್ಟಲಿಗೆ ಸುರಿದ ಡೆವಲಪರ್‌ನಲ್ಲಿ ಅದ್ದಿದಳು. ಜೀವ ಇದ್ದರೆ ಅದು ಕಪ್ಪಾಗಬೇಕು. ಏನೂ ಆಗಲಿಲ್ಲ. ಮೂವರೂ ಬಟ್ಟಲಿನ ಮೇಲೆ ಬಾಗಿದೆವು. ಆಮೇಲೆ ಬೂದು ಬಂತು. ಬೂದಿನ ಮೇಲೆ ಕಪ್ಪು, ಇದ್ದಿಲಿನಂಥ ಕಪ್ಪು. ಕೈಮುಗಿಯಬೇಕೆನಿಸಿತು, ಯಾರಿಗೆಂದು ತಿಳಿಯದೆ ಹೆಂಡತಿಯ ಮುಖ ನೋಡಿದೆ. ಅವಳು ಫಿಲ್ಮ್ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಇನ್ನೂ ಹಸಿಯಾಗಿದ್ದ ಫೋಟೋ ಹಿಡಿದು ಮೂವರೂ ಪಕ್ಕದ ಮನೆಗೆ ಹೋದೆವು. ಗಣಿಯ ಬಾಯಲ್ಲಿ ತಮ್ಮ ನಗುತ್ತ ನಿಂತಿದ್ದ. ತಾಯಿ ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅಳಲಿಲ್ಲ.

"ಗಲ್ಲ ತುಂಬಿಕೊಂಡಿದೆ," ಎಂದರು ಹಿರಿಮಗನಿಗೆ. "ಹೊಟ್ಟೆ ತುಂಬ ಉಣ್ತಿದ್ದ ಬಿಡು."