ಮೆಣಸಿನಕಾಯಿ ತೊಟ್ಟಿನ ಮೊಸರು

ಶಾಂತಿಗ್ರಾಮದ ಪಕ್ಕದ ಊರಿನ ಡೇರಿಯಲ್ಲಿ ಗುರುಸಿದ್ದಮ್ಮ ಹಾಲು ಪರೀಕ್ಷೆ ಮಾಡತೊಡಗಿ ಹತ್ತೊಂಬತ್ತು ವರ್ಷವಾಯಿತು. ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಇಳಿಸಿ ನೋಡದೆ ಸ್ವಂತ ಮನೆಯ ಹಾಲನ್ನೂ ಕ್ಯಾನಿಗೆ ಸುರಿದವಳಲ್ಲ. ಮನುಷ್ಯರನ್ನೂ ಅದೇ ಕಣ್ಣಿಂದ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಸರಿಯಾಗಿ ಕೊಟ್ಟರೂ, ಇವತ್ತೇನು ಇಷ್ಟು ಒಳ್ಳೆಯವನಾದ ಎಂದು ಹಿಂತಿರುಗಿ ನೋಡುವ ಹೆಂಗಸು.

ಅಂಥವಳಿಗೂ ಊರಲ್ಲಿ ಒಬ್ಬಳು ಗೆಳತಿಯಿದ್ದಳು, ಕಾಮಾಕ್ಷಮ್ಮ. ಸಂಜೆ ಹಾಲು ತಂದವಳು ಫೋನ್ ತೆಗೆದು, "ನೋಡಕ್ಕ, ಇವತ್ತು ಏನು ಸಿಕ್ತು!" ಎನ್ನುವಳು. ಚಮಚದಲ್ಲಿ ಶುಂಠಿ ಸಿಪ್ಪೆ ತೆಗೆಯುವುದು, ಮರದ ಸೌಟು ಅಡ್ಡ ಇಟ್ಟು ಹಾಲು ಉಕ್ಕದಂತೆ ಮಾಡುವುದು, ದಿನಕ್ಕೊಂದು. ಗುರುಸಿದ್ದಮ್ಮ ಕನ್ನಡಕ ಏರಿಸಿ, "ಎಲ್ಲಾ ಸುಳ್ಳು ಕಣೆ" ಎಂದುಬಿಡುವಳು. ಕಾಮಾಕ್ಷಮ್ಮ ನಕ್ಕು, ಮರುದಿನ ಇನ್ನೊಂದು ತರುವಳು.

ಒಂದು ಸಂಜೆ ಫೋನಿನ ಬದಲು ಬಟ್ಟಲು ತಂದಳು.

"ಎಪ್ಪೇ ಆಕಿಲ್ಲ ಕಣಕ್ಕ. ಬೆಚ್ಚಗಿರೋ ಹಾಲಿಗೆ ಒಣಮೆಣಸಿನಕಾಯಿ ತೊಟ್ಟು ಬುಟ್ಟೆ, ಅಷ್ಟೇಯ. ಎಂಗೆ ಗಟ್ಟಿ ಮೊಸರಾಗೈತೆ ನೋಡು! ಫೋನಾಗೆ ನೋಡಿ ಕಲ್ತಿದ್ದು."

"ಯಾರ ಕಿವಿ ಮೇಲೆ ಊವು ಇಡಾಕ್ ಬಂದಿದ್ದೀಯೆ? ನೀನೇ ಎಪ್ಪು ಆಕಿ ತಂದಿದ್ದೀಯ."

ಸಾಲಲ್ಲಿದ್ದವರು ಘೊಳ್ಳೆಂದು ನಕ್ಕರು. ಕಾಮಾಕ್ಷಮ್ಮನ ಮುಖ ಸಣ್ಣದಾಯಿತು. ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೊರಟುಹೋದಳು. ಮರುದಿನದಿಂದ ಅವಳ ಗಂಡ ದೇವರಾಜು ಹಾಲು ತರತೊಡಗಿದ.

ನಾಲ್ಕು ದಿನ ಗುರುಸಿದ್ದಮ್ಮ ಬೀಗುತ್ತಲೇ ಇದ್ದಳು. ಐದನೆಯ ದಿನ ಸಂಜೆ ಬಿಕೋ ಎನ್ನಿಸಿತು. ಆ ಗೆಳತಿಯೂ ಹೋದರೆ ತನಗೆ ಇನ್ಯಾರು? ಮನೆಗೆ ಬಂದು ಹೆಪ್ಪು ಹಾಕದೆ ಹಾಲಿಗೆ ಮೆಣಸಿನಕಾಯಿ ತೊಟ್ಟು ಬಿಟ್ಟಳು. ಬೆಳಿಗ್ಗೆ ಮೊಸರು! ಪಾತ್ರೆಯಲ್ಲೇ ಹಳೇ ಮೊಸರು ಅಂಟಿತ್ತೇನೋ ಎಂದು ಕುದಿನೀರು ಹುಯ್ದು ತಿಕ್ಕಿ ಮತ್ತೆ ಇಟ್ಟಳು. ಮತ್ತೆ ಮೊಸರು. ಇದು ಸೊಸೆ ಆಶಾರಾಣಿಯ ಕೈವಾಡವೇ ಸೈ ಎಂದು ಮೂರನೆಯ ಸಲ ಬೀರುವಿನಲ್ಲಿಟ್ಟು ಬೀಗ ಜಡಿದಳು.

"ಹಾಲಿಗೂ ಜೈಲಾ ಅತ್ತೆ?" ಎಂದಳು ಸೊಸೆ.

ಬೆಳಿಗ್ಗೆ ಬೀಗ ತೆಗೆದರೆ, ಹಾಳಾದ್ದು, ಗಡ್ಡೆ ಮೊಸರು. ಗುರುಸಿದ್ದಮ್ಮನಿಗೆ ಜನ್ಮದಲ್ಲಿ ಅಷ್ಟು ನಾಚಿಕೆಯಾಗಿರಲಿಲ್ಲ.

ಸಂಜೆ ಕಾಮಾಕ್ಷಿಯೇ ಬರಲಿ ಎಂದು ದೇವರಾಜು ಕೈಲಿ ಹೇಳಿ ಕಳಿಸಿದಳು. ಅವಳು ಬಂದಳು, ಮುಖ ಬಿಗಿದುಕೊಂಡು. ಗುರುಸಿದ್ದಮ್ಮ ಸಾಲಿನವರಿಗೆಲ್ಲ ಕೇಳುವಂತೆ, "ಕಾಮಾಕ್ಷಿ ಏಳಿದ್ದು ನಿಜ ಕಣ್ರಪ್ಪ. ಮೂರು ಸಲ ಮಾಡಿ ನೋಡ್ದೆ" ಎಂದಳು.

"ಮೂರು ಸಲ ನೋಡ್ದ್ಯಾ ಅಕ್ಕ? ನನ್ನ ಮಾತ ಒಂದು ಸಲ ನಂಬಾಕಾಗ್ಲಿಲ್ವಾ?"

ಗುರುಸಿದ್ದಮ್ಮ ಅವಳ ಹಾಲನ್ನು ಪರೀಕ್ಷೆ ಮಾಡದೆಯೇ ಕ್ಯಾನಿಗೆ ಸುರಿಯಲು ಹೋದಳು. ಕಾಮಾಕ್ಷಮ್ಮ ಗಬಕ್ಕನೆ ಕೈ ಹಿಡಿದಳು.

"ತಡಿ, ನೋಡೇ ಸುರಿ. ಇಲ್ದಿದ್ರೆ ನಿಂಗೆ ನಿದ್ದೆ ಬರಾಕಿಲ್ಲ."

ಗುರುಸಿದ್ದಮ್ಮ ಲ್ಯಾಕ್ಟೋಮೀಟರ್ ಇಳಿಸಿದಳು. ಕಣ್ಣು ತುಂಬಿ ಗೆರೆ ಕಾಣಲಿಲ್ಲ.

"ಎಷ್ಟೈತೆ, ನೀನೇ ನೋಡಿ ಏಳೇ" ಎಂದು ಲೆಕ್ಕದ ಪುಸ್ತಕದ ಮೇಲೆ ಪೆನ್ನು ಹಿಡಿದು ಕಾದಳು.